ಡೇಟಾಬೇಸ್‌ಗೆ ಫೈಲ್ ಸ್ಟೋರೇಜೋ ಬ್ಲಾಕ್ ಸ್ಟೋರೇಜೋ: ಕಮಿಟ್ ಕಾಯುವುದು ಎಲ್ಲಿ?

ಒಂದೇ ಸೆಫ್ ಕ್ಲಸ್ಟರ್, ಅಂದರೆ ಹಲವು ಯಂತ್ರಗಳ ಡಿಸ್ಕ್‌ಗಳನ್ನು ಒಂದೇ ಸ್ಟೋರೇಜ್ ಆಗಿ ಕೂಡಿಸುವ ವ್ಯವಸ್ಥೆ. ಅವೇ ಡಿಸ್ಕ್‌ಗಳು, ಅದೇ ನೆಟ್‌ವರ್ಕ್, ಪ್ರತಿ ಡೇಟಾಕ್ಕೂ ಮೂರು ಪ್ರತಿ ಇಡುವ ಅದೇ ನಿಯಮ. ಅದರ ಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಅನ್ನು ಒಮ್ಮೆ ಸೆಫ್‌ಎಫ್‌ಎಸ್ ಎಂಬ ಹಂಚಿದ ಫೈಲ್ ಸಿಸ್ಟಂನಲ್ಲಿ ಓಡಿಸಿ, ಇನ್ನೊಮ್ಮೆ ಆರ್‌ಬಿಡಿ ಎಂಬ ಬ್ಲಾಕ್ ವಾಲ್ಯೂಮ್ ಮೇಲೆ ಲಿನಕ್ಸ್‌ನ ಎಕ್ಸ್‌ಟಿ4 ಫೈಲ್ ಸಿಸ್ಟಂ ಹಾಕಿ ಓಡಿಸಿ. ಬರುವ ಅಂಕಿಗಳು ಒಂದೇ ಇರುವುದಿಲ್ಲ. ಕೆಲವು ಕೆಲಸಗಳಲ್ಲಿ ವ್ಯತ್ಯಾಸ ಕಣ್ಣಿಗೇ ಬೀಳದಷ್ಟು ಸಣ್ಣದು. ಇನ್ನು ಕೆಲವದರಲ್ಲಿ ಡೇಟಾಬೇಸ್ ನಿಂತೇ ಹೋಯಿತೇನೋ ಅನ್ನಿಸುವಷ್ಟು ದೊಡ್ಡದು. ‘ಫೈಲ್ ನಿಧಾನ, ಬ್ಲಾಕ್ ವೇಗ’ ಎಂಬ ಸಿದ್ಧ ಉತ್ತರ ಇದನ್ನು ವಿವರಿಸುವುದಿಲ್ಲ. ಏಕೆಂದರೆ ಬೈಟ್‌ಗಳು ಕೊನೆಗೆ ಹೋಗಿ ಕೂರುವ ಜಾಗ ಎರಡರಲ್ಲೂ ಒಂದೇ. ಬದಲಾಗುವುದು, ಅಲ್ಲಿಗೆ ಹೋಗುವ ದಾರಿಯಲ್ಲಿ ಯಾರ್ಯಾರ ಒಪ್ಪಿಗೆ ಪಡೆಯಬೇಕು ಎಂಬುದು.

ಸ್ಟೋರೇಜ್ ಮಾರುವವರ ಪಟ್ಟಿಯಲ್ಲಿ ಮೊದಲು ಕಾಣುವುದು ಸೆಕೆಂಡಿಗೆ ಎಷ್ಟು ಮೆಗಾಬೈಟ್ ಎಂಬ ಅಂಕಿ. ವಹಿವಾಟಿನ ಡೇಟಾಬೇಸ್‌ಗೆ ಆ ಅಂಕಿಯಿಂದ ಆಗಬೇಕಾದದ್ದು ಅಷ್ಟಕ್ಕಷ್ಟೇ. ಅದರ ಉಸಿರು ನಿಂತಿರುವುದು ಕಮಿಟ್ ಮೇಲೆ, ಅಂದರೆ ‘ಈ ಬದಲಾವಣೆ ಪಕ್ಕಾ ಮಾಡು’ ಎಂಬ ಆಜ್ಞೆಯ ಮೇಲೆ. ನೀವು ಕಮಿಟ್ ಅಂದಾಗ ಡೇಟಾಬೇಸ್ ಟೇಬಲ್‌ನ ಪೇಜ್‌ಗಳನ್ನು ಆಗಲೇ ಡಿಸ್ಕಿಗೆ ಬರೆಯುವುದಿಲ್ಲ. ಏನು ಬದಲಾಯಿತು ಎಂಬ ಪುಟ್ಟ ದಾಖಲೆಯೊಂದನ್ನು ರೈಟ್-ಅಹೆಡ್ ಲಾಗ್‌ಗೆ, ಬಾಯ್ಮಾತಿನಲ್ಲಿ ‘ವಾಲ್’ಗೆ, ಬರೆದು, ‘ಡಿಸ್ಕಿಗೆ ಮುಟ್ಟಿಸು’ ಎಂದು ಆಪರೇಟಿಂಗ್ ಸಿಸ್ಟಂಗೆ ಹೇಳುವ ಎಫ್‌ಸಿಂಕ್ ಅಥವಾ ಎಫ್‌ಡೇಟಾಸಿಂಕ್ ಕರೆಯುತ್ತದೆ. ‘ಇದು ಕರೆಂಟ್ ಹೋದರೂ ಉಳಿಯುತ್ತದೆ’ ಎಂದು ಕೆಳಗಿನಿಂದ ಉತ್ತರ ಬರುವವರೆಗೆ ಆ ಕನೆಕ್ಷನ್ ಸುಮ್ಮನೆ ಕಾಯುತ್ತದೆ. ಬರೆದದ್ದು ಕೆಲವು ನೂರು ಬೈಟ್ ಇರಬಹುದು. ಕಾದದ್ದು ಮಾತ್ರ ಪೂರ್ತಿ ಒಂದು ಸುತ್ತು.

ಇದರ ಲೆಕ್ಕ ಸುಲಭ. ಆ ಉತ್ತರ ಬರಲು 1 ಮಿಲಿಸೆಕೆಂಡ್ ಹಿಡಿದರೆ ಒಂದು ಕನೆಕ್ಷನ್ ಸೆಕೆಂಡಿಗೆ 1000ಕ್ಕಿಂತ ಹೆಚ್ಚು ಕಮಿಟ್ ಮಾಡಲಾರದು. 5 ಮಿಲಿಸೆಕೆಂಡ್ ಆದರೆ 200. ನಿಮಿಷಕ್ಕೆ 7200 ಸುತ್ತು ತಿರುಗುವ ಹಳೆಯ ಹಾರ್ಡ್ ಡಿಸ್ಕ್‌ನ ಒಂದು ಸುತ್ತಿಗೇ 8.3 ಮಿಲಿಸೆಕೆಂಡ್ ಬೇಕು, ಅಂದರೆ 120ರ ಆಸುಪಾಸು. ಹಲವು ಕನೆಕ್ಷನ್‌ಗಳು ಒಟ್ಟಿಗೆ ಕಾಯುತ್ತಿದ್ದರೆ ಡೇಟಾಬೇಸ್ ಅವೆಲ್ಲವನ್ನೂ ಒಂದೇ ಎಫ್‌ಸಿಂಕ್‌ನಲ್ಲಿ ಮುಗಿಸುತ್ತದೆ. ಇದನ್ನು ಗ್ರೂಪ್ ಕಮಿಟ್ ಅನ್ನುತ್ತಾರೆ. ಹಾಗಾಗಿ ನೂರು ಕನೆಕ್ಷನ್ ಹಾಕಿ ಅಳೆದರೆ ನಿಧಾನದ ಸ್ಟೋರೇಜ್ ಕೂಡ ಮರ್ಯಾದಸ್ತನಂತೆ ಕಾಣುತ್ತದೆ. ಒಂದರ ಹಿಂದೆ ಒಂದು ಕಮಿಟ್ ಮಾಡುವ ರಾತ್ರಿಯ ಬ್ಯಾಚ್ ಕೆಲಸದಲ್ಲಿ ಬಣ್ಣ ಬಯಲಾಗುತ್ತದೆ.

‘1 ಲಕ್ಷ ಐಓಪಿಎಸ್’ (ಸೆಕೆಂಡಿಗೆ ಓದು-ಬರಹದ ಕೋರಿಕೆಗಳ ಸಂಖ್ಯೆ) ಎಂಬ ಜಾಹೀರಾತನ್ನೂ ಇದೇ ಕಣ್ಣಿನಿಂದ ನೋಡಬೇಕು. 128 ಕೋರಿಕೆಗಳು ಸದಾ ಸರದಿಯಲ್ಲಿ ನಿಂತಿದ್ದು, ಪ್ರತಿಯೊಂದಕ್ಕೂ 1.28 ಮಿಲಿಸೆಕೆಂಡ್ ಹಿಡಿದರೂ ಸೆಕೆಂಡಿಗೆ 1 ಲಕ್ಷ ಆಗುತ್ತದೆ. ಅದೇ ವಾಲ್ಯೂಮ್ ಮೇಲೆ ಒಂಟಿ ಕನೆಕ್ಷನ್‌ಗೆ ಸಿಗುವುದು ಸೆಕೆಂಡಿಗೆ 800ಕ್ಕೂ ಕಡಿಮೆ ಕಮಿಟ್. ಜಾಹೀರಾತು ಸುಳ್ಳಲ್ಲ, ನಿಮ್ಮ ಪ್ರಶ್ನೆಗೆ ಅದು ಉತ್ತರವಲ್ಲ ಅಷ್ಟೆ.

ಬುದ್ಧಿ ಎಲ್ಲಿ ಕೂತಿದೆ

ಬ್ಲಾಕ್ ಸ್ಟೋರೇಜ್ ಕೊಡುವುದು ನಂಬರ್ ಹಾಕಿದ ಖಾಲಿ ಬ್ಲಾಕ್‌ಗಳ ಸಾಲನ್ನು ಮಾತ್ರ. ಫೈಲ್ ಎಂದರೇನು, ಡೈರೆಕ್ಟರಿ ಎಂದರೇನು ಎಂಬುದು ಅದಕ್ಕೆ ಗೊತ್ತಿಲ್ಲ. ಆ ಜ್ಞಾನ ನಿಮ್ಮ ಯಂತ್ರದಲ್ಲೇ, ಎಕ್ಸ್‌ಟಿ4 ಅಥವಾ ಎಕ್ಸ್‌ಎಫ್‌ಎಸ್‌ನಂಥ ಫೈಲ್ ಸಿಸ್ಟಂ ಒಳಗೆ ಇರುತ್ತದೆ. ಫೈಲ್ ಸ್ಟೋರೇಜ್‌ನಲ್ಲಿ ಆ ಜ್ಞಾನ ನೆಟ್‌ವರ್ಕ್‌ನ ಆಚೆ ಇರುತ್ತದೆ. ಖಾಲಿ ಸೈಟು ಕೊಂಡವನು ಯಾವ ಕೋಣೆ ಎಲ್ಲಿ ಎಂದು ತಾನೇ ತೀರ್ಮಾನಿಸುತ್ತಾನೆ. ಲಾಡ್ಜ್‌ನಲ್ಲಿ ಉಳಿದವನು ಪ್ರತಿ ಸಲ ಕೌಂಟರ್‌ನ ರಿಜಿಸ್ಟರ್ ದಾಟಬೇಕು. ಆ ರಿಜಿಸ್ಟರ್ ಇರುವುದರಿಂದಲೇ ಹತ್ತಾರು ಯಂತ್ರಗಳು ಒಂದೇ ಡೈರೆಕ್ಟರಿಯನ್ನು ಗೊಂದಲವಿಲ್ಲದೆ ಬಳಸಬಹುದು. ಆದರೆ ಡೇಟಾಬೇಸ್‌ನ ಡೇಟಾ ಡೈರೆಕ್ಟರಿಯನ್ನು ಬಳಸುವುದು ಒಂದೇ ಒಂದು ಸರ್ವರ್. ಹಂಚಿಕೊಳ್ಳುವ ಅನುಕೂಲಕ್ಕೆ ಬೆಲೆ ತೆತ್ತು, ಆ ಅನುಕೂಲವನ್ನು ಬಳಸದೆ ಬಿಡುವ ವ್ಯವಹಾರ ಇದು. ನನ್ನ ಮಟ್ಟಿಗೆ ಈ ಇಡೀ ಹೋಲಿಕೆಯ ತಿರುಳು ಇಷ್ಟೇ. ಉಳಿದದ್ದು ಆ ಬೆಲೆ ಯಾವಾಗ ಎಷ್ಟು ಎಂಬುದರ ವಿವರ.

ಸೆಫ್‌ನೊಳಗೇ ಇಳಿದು ನೋಡೋಣ. ಸೇಜ್ ವೈಲ್ ಸ್ಯಾಂಟಾ ಕ್ರೂಜ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್‌ಗಾಗಿ ಕಟ್ಟಿದ ವ್ಯವಸ್ಥೆ ಇದು, ಅದರ ಬಗೆಗಿನ ಸಂಶೋಧನಾ ಲೇಖನ 2006ರಲ್ಲಿ ಬಂತು. ತಳದಲ್ಲಿ ರೇಡೋಸ್ ಎಂಬ ಆಬ್ಜೆಕ್ಟ್ ಸ್ಟೋರ್ ಇದೆ. ಆರ್‌ಬಿಡಿ ವಾಲ್ಯೂಮ್ ಆಗಲಿ, ಸೆಫ್‌ಎಫ್‌ಎಸ್ ಫೈಲ್ ಆಗಲಿ, ಬೇರೆ ಹೇಳದಿದ್ದರೆ 4 ಮೆಗಾಬೈಟ್‌ನ ಆಬ್ಜೆಕ್ಟ್‌ಗಳಾಗಿ ತುಂಡಾಗಿ ಅದರೊಳಗೆ ಸೇರುತ್ತವೆ. ಯಾವ ತುಂಡು ಎಲ್ಲಿದೆ ಎಂದು ಯಾರನ್ನೂ ಕೇಳಬೇಕಿಲ್ಲ. ಕ್ರಷ್ ಎಂಬ ಲೆಕ್ಕಾಚಾರದಿಂದ ಕ್ಲೈಂಟೇ ಕಂಡುಕೊಳ್ಳುತ್ತದೆ. ಬರೆಯುವಾಗ ಕ್ಲೈಂಟ್ ನೇರವಾಗಿ ಮುಖ್ಯ ಓಎಸ್‌ಡಿಗೆ, ಅಂದರೆ ಡಿಸ್ಕೊಂದನ್ನು ನೋಡಿಕೊಳ್ಳುವ ಪ್ರೋಗ್ರಾಂಗೆ, ಕಳಿಸುತ್ತದೆ. ಅದು ತನ್ನ ಡಿಸ್ಕಿಗೆ ಬರೆಯುತ್ತಲೇ ಇನ್ನೆರಡು ಓಎಸ್‌ಡಿಗಳಿಗೆ ದಾಟಿಸುತ್ತದೆ. ಮೂರೂ ಕಡೆ ಗಟ್ಟಿಯಾಗಿ ಬರೆದಾದ ಮೇಲಷ್ಟೇ ಉತ್ತರ. ಹಾಗಾಗಿ ಒಂದು ಬರಹಕ್ಕೆ ಒಂದರ ಹಿಂದೆ ಒಂದು ಎರಡು ನೆಟ್‌ವರ್ಕ್ ಸುತ್ತುಗಳು, ಜೊತೆಗೆ ಮೂವರಲ್ಲಿ ಅತಿ ನಿಧಾನದವನ ವೇಗ.

ಇಲ್ಲಿಯವರೆಗೆ ಫೈಲ್‌ಗೂ ಬ್ಲಾಕ್‌ಗೂ ದಾರಿ ಒಂದೇ. ಆಗಲೇ ಇರುವ ಫೈಲ್‌ನ ನಡುವಿನ ಒಂದು ಪೇಜ್ ಅನ್ನು ತಿದ್ದಿ ಬರೆಯುವಾಗ, ಫೈಲ್ ತೆರೆದಿರುವ ಕ್ಲೈಂಟ್ ಒಂದೇ ಇದ್ದರೆ, ಸೆಫ್‌ಎಫ್‌ಎಸ್ ಕೂಡ, ಫೈಲ್‌ಗಳ ಹೆಸರು, ಗಾತ್ರಗಳ ಲೆಕ್ಕ ಇಡುವ ಮೆಟಾಡೇಟಾ ಸರ್ವರ್ ಕಡೆ ತಿರುಗಿ ನೋಡುವುದಿಲ್ಲ. ‘ಈ ಫೈಲ್ ನಿನ್ನ ಕೈಯಲ್ಲಿದೆ, ನೀನೇ ಬರೆದುಕೋ’ ಎಂಬ ಅನುಮತಿಪತ್ರವನ್ನು ಮೆಟಾಡೇಟಾ ಸರ್ವರ್ ಮೊದಲೇ ಕೊಟ್ಟಿರುತ್ತದೆ. ಸೆಫ್‌ನ ಭಾಷೆಯಲ್ಲಿ ಇವಕ್ಕೆ ‘ಕ್ಯಾಪ್ಸ್’ ಎನ್ನುತ್ತಾರೆ. ದೊಡ್ಡ, ಸ್ಥಿರವಾದ ಫೈಲ್‌ಗಳಿರುವ ಡೇಟಾಬೇಸ್‌ನಲ್ಲಿ ಎರಡರ ನಡುವಿನ ಅಂತರ ಕಿರಿದಾಗಿ ಕಾಣುವುದು ಇದಕ್ಕೇ.

ಅಂತರ ಹುಟ್ಟುವುದು ಹೆಸರುಗಳ ವ್ಯವಹಾರದಲ್ಲಿ. ಹೊಸ ಫೈಲ್ ಮಾಡು, ಹೆಸರು ಬದಲಿಸು, ಅಳಿಸು, ಡೈರೆಕ್ಟರಿಯನ್ನು ಸಿಂಕ್ ಮಾಡು: ಸೆಫ್‌ಎಫ್‌ಎಸ್‌ನಲ್ಲಿ ಇವು ಮೆಟಾಡೇಟಾ ಸರ್ವರ್‌ಗೆ ಹೋಗುವ ಕೆಲಸಗಳು, ಅದು ತನ್ನ ಜರ್ನಲ್ ಅನ್ನು, ಅಂದರೆ ಬದಲಾವಣೆಗಳ ದಿನಚರಿಯನ್ನು, ಮತ್ತೆ ರೇಡೋಸ್‌ಗೇ ಬರೆಯುತ್ತದೆ. ಎಕ್ಸ್‌ಟಿ4ನಲ್ಲಾದರೆ ಇವು ಸ್ಥಳೀಯ ಮೆಮೊರಿಯಲ್ಲಿ ನಡೆದು, ಹತ್ತಾರು ಒಟ್ಟುಗೂಡಿ ಒಂದೇ ಜರ್ನಲ್ ಬರಹವಾಗಿ ಹೊರಬೀಳುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಟೇಬಲ್, ಪ್ರತಿ ಇಂಡೆಕ್ಸ್ ಒಂದೊಂದು ಫೈಲ್. ದೊಡ್ಡ ಟೇಬಲ್ ಆದರೆ 1 ಗಿಗಾಬೈಟ್‌ಗೊಂದರಂತೆ ಇನ್ನಷ್ಟು. ದಿನವಿಡೀ ತಾತ್ಕಾಲಿಕ ಟೇಬಲ್‌ಗಳನ್ನು ಮಾಡಿ ಅಳಿಸುವ ಅಪ್ಲಿಕೇಶನ್ ಇದ್ದರೆ ಪ್ರತಿಯೊಂದಕ್ಕೂ ಆ ಕೌಂಟರ್‌ಗೆ ಅಲೆದಾಟ ತಪ್ಪಿದ್ದಲ್ಲ.

ಇದು ಅತ್ಯಂತ ನಾಟಕೀಯವಾಗಿ ಕಾಣುವುದು ಕ್ರ್ಯಾಶ್ ಆದ ಮೇಲೆ. ಪೋಸ್ಟ್‌ಗ್ರೆಸ್ ಮತ್ತೆ ಏಳುವಾಗ, ವಾಲ್ ಓದಲು ಶುರುಮಾಡುವ ಮೊದಲೇ, ಡೇಟಾ ಡೈರೆಕ್ಟರಿಯ ಪ್ರತಿಯೊಂದು ಫೈಲ್ ಅನ್ನೂ ತೆರೆದು ಎಫ್‌ಸಿಂಕ್ ಮಾಡುತ್ತದೆ. ಸಾವಿರಾರು ಟೇಬಲ್‌ಗಳಿರುವ ಕಡೆ ಫೈಲ್‌ಗಳು ಲಕ್ಷ ದಾಟುತ್ತವೆ. ಸ್ಥಳೀಯ ಫೈಲ್ ಸಿಸ್ಟಂನಲ್ಲಿ ಬೇಗ ಮುಗಿಯುವ ಈ ಸುತ್ತು, ಪ್ರತಿ ಫೈಲ್ ತೆರೆಯಲು ಒಂದು ನೆಟ್‌ವರ್ಕ್ ಪಯಣ ಬೇಕಾದ ಕಡೆ ನಿಮಿಷಗಟ್ಟಲೆ ಎಳೆಯುತ್ತದೆ. ಹೊರಗೆ ಗ್ರಾಹಕರು ಕಾಯುತ್ತಿರುತ್ತಾರೆ, ಪೋಸ್ಟ್‌ಗ್ರೆಸ್ 15ಕ್ಕೆ ಮುಂಚಿನ ಆವೃತ್ತಿಗಳಲ್ಲಾದರೆ ಸರ್ವರ್‌ನ ಸಂದೇಶಗಳ ಲಾಗ್‌ನಲ್ಲಿ ಏನೂ ನಡೆಯುತ್ತಿಲ್ಲವೆಂಬಂತೆ ಕಾಣುತ್ತದೆ. ಫೈಲ್ ಫೈಲ್ ತೆರೆಯುವ ಬದಲು ಇಡೀ ಫೈಲ್ ಸಿಸ್ಟಂ ಅನ್ನು ಒಂದೇ ಕರೆಯಲ್ಲಿ ಸಿಂಕ್ ಮಾಡುವ ಆಯ್ಕೆ ಲಿನಕ್ಸ್‌ನಲ್ಲಿ ಪೋಸ್ಟ್‌ಗ್ರೆಸ್ 14ರಿಂದ ಇದೆ. ಸಾಧಾರಣ ಬೆಂಚ್‌ಮಾರ್ಕ್‌ಗಳಲ್ಲಿ ಈ ಖರ್ಚು ಕಾಣುವುದೇ ಇಲ್ಲ, ಏಕೆಂದರೆ ಬೆಂಚ್‌ಮಾರ್ಕ್ ಓಡುವಾಗ ಯಾರೂ ಸರ್ವರ್‌ನ ಪ್ಲಗ್ ಕೀಳುವುದಿಲ್ಲ.

ಇನ್ನೊಂದು ಕಡೆಯಿಂದಲೂ ಪೆಟ್ಟು ಬೀಳುತ್ತದೆ. ಡೇಟಾ ಡೈರೆಕ್ಟರಿ ಹಂಚಿದ ಫೈಲ್ ಸಿಸ್ಟಂನಲ್ಲಿದೆ, ಬೇರೆ ಯಂತ್ರದಿಂದಲೂ ಕಾಣುತ್ತದೆ ಎಂದಾದ ಕೂಡಲೇ ಯಾರೋ ಅಲ್ಲೊಂದು ಮಾನಿಟರಿಂಗ್ ಸ್ಕ್ರಿಪ್ಟ್ ಇಡುತ್ತಾರೆ. ಅದು ಐದು ನಿಮಿಷಕ್ಕೊಮ್ಮೆ ಫೈಲ್‌ಗಳ ಗಾತ್ರ ಕೇಳುತ್ತದೆ. ಗಾತ್ರದ ಸರಿಯಾದ ಉತ್ತರ ಇರುವುದು ಬರೆಯುತ್ತಿರುವ ಕ್ಲೈಂಟ್ ಬಳಿ. ಹಾಗಾಗಿ ಮೆಟಾಡೇಟಾ ಸರ್ವರ್ ಆ ಅನುಮತಿಪತ್ರವನ್ನು ವಾಪಸ್ ಕೇಳಬೇಕು, ಡೇಟಾಬೇಸ್ ಯಂತ್ರ ಕೈಯಲ್ಲಿರುವುದನ್ನು ಒಪ್ಪಿಸಬೇಕು, ಆಮೇಲೆ ಮರಳಿ ಪಡೆಯಬೇಕು. ಐದು ನಿಮಿಷಕ್ಕೊಮ್ಮೆ ಕಮಿಟ್‌ಗಳು ಎಡವುತ್ತಿವೆ ಎಂಬ ದೂರಿನ ಹಿಂದೆ ಇಂಥದೇನಾದರೂ ಇದೆಯೇ ಎಂದು ಮೊದಲು ನೋಡುವುದು ಒಳ್ಳೆಯದು.

ಬ್ಲಾಕ್ ಕೂಡ ಪುಕ್ಕಟೆಯಲ್ಲ

ಆರ್‌ಬಿಡಿ ಮೇಲಿನ ಎಕ್ಸ್‌ಟಿ4ಗೂ ತನ್ನದೇ ಜರ್ನಲ್ ಇದೆ, ಆ ಜರ್ನಲ್ ಸಹ ನೆಟ್‌ವರ್ಕ್ ದಾಟಿ ಮೂರು ಕಡೆ ಬರೆಯಲ್ಪಡುತ್ತದೆ. ಫೈಲ್ ಬೆಳೆಯುತ್ತ ಹೋದರೆ ಪ್ರತಿ ಸಿಂಕ್‌ಗೂ ಡೇಟಾ ಒಂದು ಸುತ್ತು, ಅದರ ಹಿಂದೆ ಜರ್ನಲ್‌ನ ಸುತ್ತುಗಳು. ಪೋಸ್ಟ್‌ಗ್ರೆಸ್ ಇದನ್ನು ಜಾಣತನದಿಂದ ತಪ್ಪಿಸುತ್ತದೆ: 16 ಮೆಗಾಬೈಟ್‌ನ ವಾಲ್ ಫೈಲ್‌ಗಳನ್ನು ಮೊದಲೇ ಸೊನ್ನೆ ತುಂಬಿ ಇಟ್ಟು, ಹಳೆಯವನ್ನೇ ಹೆಸರು ಬದಲಿಸಿ ಮತ್ತೆ ಬಳಸುತ್ತದೆ. ಗಾತ್ರ ಬದಲಾಗದ್ದರಿಂದ ಎಫ್‌ಡೇಟಾಸಿಂಕ್‌ಗೆ ಡೇಟಾ ಮಾತ್ರ ಸಾಕು. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ವಾಲ್‌ನ ಕೆಲಸ ಮಾಡುವ ರೀಡೂ ಲಾಗ್ ಕೂಡ ಮೊದಲೇ ಜಾಗ ಕಾದಿರಿಸಿದ ಫೈಲ್. ಆದರೆ ಬದಲಾವಣೆಗಳನ್ನು ಬೇರೆ ಪ್ರತಿಗಳಿಗೆ ತಿಳಿಸಲು ಇಡುವ ಅದರ ಬಿನ್‌ಲಾಗ್ ಹಾಗಲ್ಲ. ಅದು ತುದಿಗೆ ಸೇರಿಸುತ್ತ ಬೆಳೆಯುವ ಫೈಲ್, 5.7ರಿಂದೀಚೆಗೆ ಪ್ರತಿ ಕಮಿಟ್ ಗುಂಪಿಗೂ ಸಿಂಕ್ ಆಗುವುದು ರೂಢಿಯ ಸೆಟ್ಟಿಂಗ್. ಹಾಗಾಗಿ ದೂರದ ಸ್ಟೋರೇಜ್‌ನ ನಿಧಾನ ಮೈಎಸ್‌ಕ್ಯೂಎಲ್‌ಗೆ ಹೆಚ್ಚು ಚುಚ್ಚುತ್ತದೆ.

ಒಂದು ಸಾಲಿನಲ್ಲಿ 100 ಬೈಟ್ ಬದಲಿಸಿದಿರಿ ಎನ್ನಿ. ಮೈಎಸ್‌ಕ್ಯೂಎಲ್‌ನ ಸ್ಟೋರೇಜ್ ಎಂಜಿನ್ ಆದ ಇನ್ನೋಡಿಬಿ ಮೊದಲು ರೀಡೂ ಲಾಗ್‌ಗೆ 512 ಬೈಟ್‌ನ ಬ್ಲಾಕ್ ಒಂದನ್ನು ಬರೆಯುತ್ತದೆ. ಮುಂದೆಂದೋ 16 ಕಿಲೋಬೈಟ್‌ನ ಆ ಪೂರ್ತಿ ಪೇಜ್ ಡಿಸ್ಕಿಗೆ ಹೋಗಬೇಕು. ಅರ್ಧ ಬರೆದಾಗ ಕರೆಂಟ್ ಹೋದರೆ ಪೇಜ್ ಹರಿದುಹೋಗುತ್ತದಲ್ಲ, ಅದಕ್ಕಾಗಿ ಮೊದಲು ಡಬಲ್‌ರೈಟ್ ಬಫರ್‌ಗೆ ಇನ್ನೊಂದು 16 ಕಿಲೋಬೈಟ್. ಮೂರು ಪ್ರತಿಯಿಂದ ಗುಣಿಸಿದರೆ 96 ಕಿಲೋಬೈಟ್‌ಗೂ ಮೇಲು. ಓಎಸ್‌ಡಿಗಳು ತಮ್ಮೊಳಗಿನ ರಾಕ್ಸ್‌ಡಿಬಿ ಎಂಬ ಡೇಟಾಬೇಸ್‌ನಲ್ಲಿ ಬರೆದುಕೊಳ್ಳುವ ಲೆಕ್ಕಪತ್ರ ಬೇರೆ. ಒಂದೇ ಪೇಜ್‌ಗೆ ಹಲವು ಬದಲಾವಣೆಗಳು ಬಿದ್ದರೆ ಈ ಖರ್ಚು ಹಂಚಿಹೋಗುತ್ತದೆ ಎನ್ನುವುದು ಸಮಾಧಾನ. ಈ ಭಾಗದಲ್ಲಿ ಫೈಲ್, ಬ್ಲಾಕ್ ಎಂಬ ಭೇದವಿಲ್ಲ. ಹಂಚಿದ ಸ್ಟೋರೇಜ್ ಎಂದಮೇಲೆ ಎರಡೂ ತೆರಲೇಬೇಕು.

ಓಎಸ್‌ಡಿ ಯಂತ್ರಗಳಲ್ಲಿರುವ ಎಸ್‌ಎಸ್‌ಡಿ ಎಂಥದ್ದು ಎಂಬುದು ಈ ಎರಡರ ಆಯ್ಕೆಗಿಂತ ದೊಡ್ಡ ವಿಷಯ. ಕರೆಂಟ್ ಹೋದಾಗ ಕ್ಯಾಶ್ ಅನ್ನು ಉಳಿಸುವ ಕೆಪಾಸಿಟರ್ ಇರುವ ಡ್ರೈವ್, ಸಿಂಕ್ ಕೋರಿಕೆಗೆ ಮೈಕ್ರೋಸೆಕೆಂಡ್‌ಗಳಲ್ಲಿ ಉತ್ತರಿಸುತ್ತದೆ. ಮನೆಬಳಕೆಯ ಅಗ್ಗದ ಡ್ರೈವ್ ಪ್ರತಿ ಸಲ ಫ್ಲ್ಯಾಶ್‌ಗೆ ನಿಜವಾಗಿ ಬರೆದು ಮುಗಿಸಬೇಕು, ಮಿಲಿಸೆಕೆಂಡ್‌ಗಳೇ ಹಿಡಿಯುತ್ತವೆ. ಅಂಥ ಡ್ರೈವ್‌ಗಳ ಕ್ಲಸ್ಟರ್ ಮೇಲೆ ಕೂತು ಫೈಲೋ ಬ್ಲಾಕೋ ಎಂದು ವಾದಿಸುವುದು ವ್ಯರ್ಥ.

ಬೇರೆ ಫೈಲ್ ಸಿಸ್ಟಂಗಳ ಮಾತು ಚುಟುಕಾಗಿ. ಗ್ಲಸ್ಟರ್‌ನಲ್ಲಿ ಮೆಟಾಡೇಟಾ ಸರ್ವರ್ ಇಲ್ಲ, ಪ್ರತಿಗಳನ್ನು ಕ್ಲೈಂಟೇ ಎಲ್ಲ ಸರ್ವರ್‌ಗಳಿಗೂ ಕಳಿಸುತ್ತದೆ. ಬರೆಯುವ ಮುಂಚೆ ಬೀಗ, ಗುರುತು; ಬರೆದ ಮೇಲೆ ಗುರುತು ಅಳಿಸು, ಬೀಗ ಬಿಡು. ಅದರ ಮೇಲೆ, ಫೈಲ್ ಸಿಸ್ಟಂ ಅನ್ನು ಕರ್ನಲ್‌ನ ಹೊರಗೆ ಓಡಿಸುವ ಫ್ಯೂಸ್ ದಾರಿಯಿಂದಾಗಿ, ಕರ್ನಲ್‌ಗೂ ಹೊರಗಿನ ಪ್ರೋಗ್ರಾಂಗೂ ನಡುವೆ ಓಡಾಟ. ಸಣ್ಣ ಸಣ್ಣ ಸಿಂಕ್‌ಗಳ ಡೇಟಾಬೇಸ್‌ಗೆ ಇದು ಹೊಂದುವುದಿಲ್ಲ. ನೆಟ್‌ವರ್ಕ್ ಮೂಲಕ ಫೈಲ್ ಹಂಚುವ ಹಳೆಯ ಪದ್ಧತಿ ಎನ್‌ಎಫ್‌ಎಸ್‌ನ ಕಥೆ ಬೇರೆ. ಒರಾಕಲ್ ತನ್ನ 11ಜಿ ಆವೃತ್ತಿಯಿಂದ ಕರ್ನಲ್‌ನ ಎನ್‌ಎಫ್‌ಎಸ್ ಕ್ಲೈಂಟ್ ಅನ್ನು ಬದಿಗಿಟ್ಟು ತನ್ನದೇ ಡೈರೆಕ್ಟ್ ಎನ್‌ಎಫ್‌ಎಸ್ ಕ್ಲೈಂಟ್ ಕೊಟ್ಟಿದೆ, ದೊಡ್ಡ ದೊಡ್ಡ ಡೇಟಾಬೇಸ್‌ಗಳು ಹಾಗೆ ಓಡುತ್ತವೆ. ಪೋಸ್ಟ್‌ಗ್ರೆಸ್ ಕೈಪಿಡಿ ಕೂಡ ಎನ್‌ಎಫ್‌ಎಸ್ ಬೇಡ ಅನ್ನುವುದಿಲ್ಲ. ಸರ್ವರ್ ಉತ್ತರಿಸದಿದ್ದರೆ ದೋಷ ಹೇಳದೆ ಕಾಯುತ್ತಲೇ ಇರುವ ‘ಹಾರ್ಡ್’ ಮೌಂಟ್ ಇರಲಿ, ಸರ್ವರ್ ಕಡೆ ‘ಸಿಂಕ್’ ಎಕ್ಸ್‌ಪೋರ್ಟ್ ಇರಲಿ ಅನ್ನುತ್ತದೆ. ‘ಅಸಿಂಕ್’ ಇಟ್ಟರೆ ಅಂಕಿಗಳು ಹಿಗ್ಗುತ್ತವೆ, ಏಕೆಂದರೆ ಡಿಸ್ಕಿಗೆ ಬರೆಯದೆಯೇ ‘ಬರೆದೆ’ ಅನ್ನಲು ಸರ್ವರ್‌ಗೆ ಅನುಮತಿ ಸಿಕ್ಕಿರುತ್ತದೆ. ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ನ ವಾಲ್ ಮೋಡ್ ಮಾತ್ರ ನೆಟ್‌ವರ್ಕ್ ಫೈಲ್ ಸಿಸ್ಟಂ ಮೇಲೆ ಕೆಲಸ ಮಾಡುವುದೇ ಇಲ್ಲ, ಬಳಸುವ ಎಲ್ಲ ಪ್ರಕ್ರಿಯೆಗಳೂ ಒಂದೇ ಯಂತ್ರದ ಮೆಮೊರಿ ಹಂಚಿಕೊಳ್ಳಬೇಕಾದ ವಿನ್ಯಾಸ ಅದು.

ಹೀಗೆ ‘ಬರೆದೆ’ ಎಂಬ ಮಾತನ್ನು ನಂಬಿ ಕೆಟ್ಟ ಪಾಠ 2018ರಲ್ಲಿ ಎಲ್ಲರಿಗೂ ಆಯಿತು. ಹಿನ್ನೆಲೆಯಲ್ಲಿ ಬರೆಯುವಾಗ ದೋಷ ಬಂದರೆ ಲಿನಕ್ಸ್ ಅದನ್ನು ಒಂದು ಎಫ್‌ಸಿಂಕ್‌ಗೆ ತಿಳಿಸಿ, ಆ ಪೇಜ್ ಸ್ವಚ್ಛವಾಗಿದೆ ಎಂದು ಗುರುತು ಹಾಕಿಬಿಡುತ್ತಿತ್ತು. ಪೋಸ್ಟ್‌ಗ್ರೆಸ್ ಮತ್ತೊಮ್ಮೆ ಎಫ್‌ಸಿಂಕ್ ಕೇಳಿದರೆ ‘ಎಲ್ಲ ಸರಿ’ ಎಂಬ ಉತ್ತರ, ಡೇಟಾ ಮಾತ್ರ ಡಿಸ್ಕ್‌ನಲ್ಲಿಲ್ಲ. 2019ರ ಫೆಬ್ರವರಿಯ ಆವೃತ್ತಿಗಳಿಂದ ಪೋಸ್ಟ್‌ಗ್ರೆಸ್ ಎಫ್‌ಸಿಂಕ್ ವಿಫಲವಾದ ಕೂಡಲೇ ತಾನೇ ಕುಸಿದು ಲಾಗ್‌ನಿಂದ ಮರುಜೀವ ಪಡೆಯುತ್ತದೆ. ನಮ್ಮ ವಿಷಯಕ್ಕೆ ಇದು ಹತ್ತಿರದ ನಂಟು: ಎನ್‌ಎಫ್‌ಎಸ್‌ನಲ್ಲಿ, ಹಾಗೆಯೇ ಇಲ್ಲದ ಜಾಗವನ್ನು ಇದೆ ಎಂದು ತೋರಿಸುವ ಥಿನ್ ಪ್ರಾವಿಷನಿಂಗ್ ಬ್ಲಾಕ್ ವಾಲ್ಯೂಮ್‌ಗಳಲ್ಲಿ, ‘ಜಾಗ ಮುಗಿಯಿತು’ ಎಂಬ ಸುದ್ದಿ ಬರೆಯುವ ಹೊತ್ತಿಗೆ ಬಾರದೆ ಹೀಗೆ ತಡವಾಗಿ ಬರುತ್ತದೆ.

ಅಳೆಯುವವರ ಕಣ್ಕಟ್ಟು

ಹೋಲಿಕೆಯ ಚಾರ್ಟ್‌ಗಳಲ್ಲಿ ಅರ್ಧಕ್ಕರ್ಧ ಮೆಮೊರಿಯನ್ನೇ ಅಳೆದಿರುತ್ತವೆ ಎಂಬುದು ನನ್ನ ಗುಮಾನಿ. ಪೋಸ್ಟ್‌ಗ್ರೆಸ್‌ನ ಬೆಂಚ್‌ಮಾರ್ಕ್ ಸಾಧನ ಪಿಜಿಬೆಂಚ್‌ನಲ್ಲಿ ಸ್ಕೇಲ್ 100 ಎಂದರೆ 1 ಕೋಟಿ ಸಾಲು, ಕೇಳಲು ಭಾರಿ. ಗಾತ್ರ ಸುಮಾರು 1.5 ಗಿಗಾಬೈಟ್, ಇಡಿಯಾಗಿ ರ‍್ಯಾಮ್‌ನಲ್ಲಿ ಕೂರುತ್ತದೆ. ಓದುವ ಪರೀಕ್ಷೆಯಲ್ಲಿ ಸ್ಟೋರೇಜ್ ಯಾವುದಿದ್ದರೂ ಒಂದೇ ಅಂಕಿ. ಪರೀಕ್ಷೆ ಎರಡು ನಿಮಿಷ ಓಡಿಸಿದರೆ ಇನ್ನೊಂದು ಮೋಸ: ಮೆಮೊರಿಯಲ್ಲಿ ಬದಲಾದ ಪೇಜ್‌ಗಳನ್ನು ಡಿಸ್ಕಿಗೆ ಇಳಿಸುವ ಪೋಸ್ಟ್‌ಗ್ರೆಸ್‌ನ ಚೆಕ್‌ಪಾಯಿಂಟ್ ಬರುವುದು ರೂಢಿಯಂತೆ 5 ನಿಮಿಷಕ್ಕೊಮ್ಮೆ, ನಿಜವಾದ ಭಾರ ಬೀಳುವುದು ಆಗ. ಕ್ಲೌಡ್‌ನಲ್ಲಾದರೆ ಬರ್ಸ್ಟ್ ಕ್ರೆಡಿಟ್‌ಗಳ ಆಟ. ಅಮೆಜಾನ್‌ನ ಜಿಪಿ2 ಬಗೆಯ 100 ಗಿಗಾಬೈಟ್ ವಾಲ್ಯೂಮ್‌ನ ಸ್ವಂತ ಶಕ್ತಿ 300 ಐಓಪಿಎಸ್, ಕೂಡಿಟ್ಟ ಕ್ರೆಡಿಟ್ ಇರುವವರೆಗೆ ಮಾತ್ರ 3000. ಕ್ರೆಡಿಟ್ ಅರ್ಧ ಗಂಟೆಯಷ್ಟು ಬರುತ್ತದೆ. ಇಪ್ಪತ್ತು ನಿಮಿಷ ಅಳೆದು ಸಂತೋಷಪಟ್ಟವರು ಹಬ್ಬದ ದಿನದ ಊಟ ನೋಡಿ ಮನೆಯ ಅಂದಾಜು ಮಾಡಿದವರೇ.

ಪಿಜಿಬೆಂಚ್‌ಗೆ ಮುಂಚೆ ಮಾಡಬೇಕಾದ ಪರೀಕ್ಷೆ ಚಿಕ್ಕದು. ಫಿಯೋ ಎಂಬ ಸ್ಟೋರೇಜ್ ಅಳೆಯುವ ಸಾಧನದಲ್ಲಿ ಸರದಿಯ ಆಳ 1 ಇಟ್ಟು, ವಾಲ್ ಪೇಜ್‌ನಷ್ಟೇ, ಅಂದರೆ 8 ಕಿಲೋಬೈಟ್ ಬರೆದು, ಪ್ರತಿ ಬರಹಕ್ಕೂ ಎಫ್‌ಡೇಟಾಸಿಂಕ್ ಮಾಡಿಸಿ. ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಪಿಜಿ_ಟೆಸ್ಟ್_ಎಫ್‌ಸಿಂಕ್ ಕೂಡ ಇದನ್ನೇ ಹೇಳುತ್ತದೆ. ಸರಾಸರಿಯನ್ನು ಬಿಟ್ಟು ನೂರರಲ್ಲಿ ಕೊನೆಯ ಒಂದನ್ನು, ಪಿ99 ಅನ್ನು ನೋಡಿ. ಇಟಿಸಿಡಿ ಎಂಬ ಹಂಚಿದ ಡೇಟಾಬೇಸ್ ತನ್ನ ಲಾಗ್ ಸಿಂಕ್‌ನ ಪಿ99 10 ಮಿಲಿಸೆಕೆಂಡ್ ಒಳಗಿರಲಿ ಎಂದು ಕೇಳುತ್ತದೆ. ಬೇರೆ ಡೇಟಾಬೇಸ್‌ಗಳಿಗೂ ಇದು ಕೆಟ್ಟ ಗಡಿಯಲ್ಲ.

ವೇಗದ ಮಾತಿನಲ್ಲಿ ಮರೆಯಬಾರದ ಒಂದು ಅಪಾಯವಿದೆ. ಎಕ್ಸ್‌ಟಿ4 ಇರುವ ಬ್ಲಾಕ್ ವಾಲ್ಯೂಮ್ ಅನ್ನು ಎರಡು ಯಂತ್ರಗಳಲ್ಲಿ ಒಟ್ಟಿಗೆ ಮೌಂಟ್ ಮಾಡಿದರೆ ಫೈಲ್ ಸಿಸ್ಟಂ ಹಾಳಾಗುತ್ತದೆ, ಅದಕ್ಕಾಗಿಯೇ ಒಬ್ಬರಿಗೇ ಕೊಡುವ ಬೀಗಗಳಿವೆ. ಫೈಲ್ ಸ್ಟೋರೇಜ್‌ನಲ್ಲಿ ಎರಡು ಯಂತ್ರ ಮೌಂಟ್ ಮಾಡುವುದು ಸಹಜ, ಆದ್ದರಿಂದಲೇ ಅಲ್ಲಿ ಅಪಾಯ ಸದ್ದಿಲ್ಲದೆ ಬರುತ್ತದೆ. ಎರಡು ಪೋಸ್ಟ್‌ಗ್ರೆಸ್‌ಗಳು ಒಂದೇ ಡೈರೆಕ್ಟರಿಯಲ್ಲಿ ಏಳದಂತೆ ತಡೆಯುವ ಪೋಸ್ಟ್‌ಮಾಸ್ಟರ್ ಪಿಐಡಿ ಫೈಲ್, ಒಂದೇ ಯಂತ್ರದೊಳಗಿನ ಪ್ರಕ್ರಿಯೆಯನ್ನೂ ಮೆಮೊರಿಯನ್ನೂ ನೋಡಿ ತೀರ್ಮಾನಿಸುತ್ತದೆ. ಬೇರೆ ಯಂತ್ರದಲ್ಲಿರುವ ಅವಳಿ ಅದಕ್ಕೆ ಕಾಣಿಸುವುದಿಲ್ಲ. ಕಂಟೇನರ್‌ಗಳನ್ನು ಹಲವು ಯಂತ್ರಗಳಲ್ಲಿ ಓಡಿಸುವ ಕುಬರ್ನೆಟಿಸ್‌ನಲ್ಲಿ ಡೇಟಾಬೇಸ್‌ಗೆ ರೀಡ್‌ರೈಟ್‌ಮೆನಿ, ಅಂದರೆ ಹಲವು ಯಂತ್ರಗಳು ಬರೆಯಬಹುದಾದ, ವಾಲ್ಯೂಮ್ ಕೊಡುವವರು ಇದನ್ನು ಯೋಚಿಸಿರಬೇಕು. ಅಲ್ಲಿ ರೀಡ್‌ರೈಟ್‌ಒನ್ಸ್ ಎಂದರೂ ಒಂದು ನೋಡ್ (ಯಂತ್ರ) ಎಂದರ್ಥವೇ ಹೊರತು ಒಂದು ಪಾಡ್ (ಒಟ್ಟಿಗೆ ಓಡುವ ಕಂಟೇನರ್‌ಗಳ ಗುಂಪು) ಅಲ್ಲ. ಪಾಡ್ ಮಟ್ಟದ ಬೀಗ ಬೇಕೆಂದರೆ ರೀಡ್‌ರೈಟ್‌ಒನ್ಸ್‌ಪಾಡ್, 1.29ರಿಂದ ಅದು ಸ್ಥಿರ.

ಹಾಗಾದರೆ ನಾನು ಏನನ್ನು ಆರಿಸುತ್ತೇನೆ? ಒಂದೇ ಸರ್ವರ್ ಬರೆಯುವ ಡೇಟಾಬೇಸ್‌ಗೆ ಬ್ಲಾಕ್. ಬ್ಯಾಕಪ್‌ಗೆ, ಹಳೆಯ ವಾಲ್ ಸಂಗ್ರಹಕ್ಕೆ, ಹಲವರು ಓದುವ ಡಂಪ್‌ಗಳಿಗೆ ಫೈಲ್. ಡೇಟಾಬೇಸ್ ತಾನೇ ಮೂರು ಯಂತ್ರಗಳಲ್ಲಿ ಪ್ರತಿ ಇಡುತ್ತಿದ್ದರೆ ಎರಡೂ ಬೇಡ, ಯಂತ್ರದೊಳಗಿನ ಎನ್‌ವಿಎಂಇ ಎಸ್‌ಎಸ್‌ಡಿ ಸಾಕು. ಇಲ್ಲದಿದ್ದರೆ ಮೂರು ಮೂರಲ ಒಂಬತ್ತು ಪ್ರತಿಗಳಿಗೆ ದುಡ್ಡು ಸುರಿದಂತೆ. ಅಮೆಜಾನ್‌ನ ಆರೋರಾ ಎಂಬ ಕ್ಲೌಡ್ ಡೇಟಾಬೇಸ್ ಈ ಇಕ್ಕಟ್ಟನ್ನು ಬುಡದಲ್ಲೇ ಬಿಡಿಸಿತು: ಡೇಟಾಬೇಸ್ ಪೇಜ್‌ಗಳನ್ನು ಕಳಿಸುವುದೇ ಇಲ್ಲ, ಲಾಗ್ ದಾಖಲೆಗಳನ್ನು ಮಾತ್ರ ಕಳಿಸುತ್ತದೆ. ಮೂರು ವಲಯಗಳಲ್ಲಿರುವ ಆರು ಪ್ರತಿಗಳಲ್ಲಿ ನಾಲ್ಕು ಒಪ್ಪಿದರೆ ಬರಹ ಮುಗಿಯಿತು, ಅತಿ ನಿಧಾನದವರಿಗೆ ಕಾಯಬೇಕಿಲ್ಲ.

ಈಗಾಗಲೇ ಫೈಲ್ ಸ್ಟೋರೇಜ್ ಮೇಲೆ ಕೂತ ಡೇಟಾಬೇಸ್ ಇದ್ದರೆ ಗಾಬರಿಯಿಂದ ಎಲ್ಲ ಕಿತ್ತು ಸಾಗಿಸುವ ಮುಂಚೆ, ಭಾರದ ಹೊತ್ತಿನಲ್ಲಿ ಕನೆಕ್ಷನ್‌ಗಳು ಯಾವುದಕ್ಕೆ ಕಾಯುತ್ತಿವೆ ಎಂದು ನೋಡಿ. ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿ ಅದನ್ನು ಹೇಳುತ್ತದೆ. ಡೇಟಾಫೈಲ್‌ರೀಡ್ ತುಂಬಿದ್ದರೆ ರ‍್ಯಾಮ್ ಮತ್ತು ಇಂಡೆಕ್ಸ್ ಕಡೆ ಹೋಗಿ. ವಾಲ್‌ಸಿಂಕ್ ತುಂಬಿದ್ದರೆ ವಾಲ್ ಡೈರೆಕ್ಟರಿಯೊಂದನ್ನೇ ಸಣ್ಣ ಬ್ಲಾಕ್ ವಾಲ್ಯೂಮ್‌ಗೆ ಸರಿಸಿ, ಹಳೆಯ ಜಾಗದಲ್ಲಿ ಸಿಂಬಾಲಿಕ್ ಲಿಂಕ್ ಇಟ್ಟರೆ ನೋವಿನ ಬಹುಪಾಲು ಹೋಗುತ್ತದೆ. ಹಾಗೆ ಮಾಡಿದ ದಿನದಿಂದ ಸ್ಟೋರೇಜ್ ಸ್ನ್ಯಾಪ್‌ಶಾಟ್‌ಗಳನ್ನೇ ಬ್ಯಾಕಪ್ ಎಂದು ನಂಬುವಂತಿಲ್ಲ. ಡೇಟಾ ಒಂದು ಕ್ಷಣದ್ದು, ಲಾಗ್ ಇನ್ನೊಂದು ಕ್ಷಣದ್ದು ಆದರೆ ಅದರಿಂದ ಎದ್ದ ಡೇಟಾಬೇಸ್ ಕೆಟ್ಟಿರಬಹುದು, ಪೋಸ್ಟ್‌ಗ್ರೆಸ್‌ನದೇ ಬ್ಯಾಕಪ್ ಸಾಧನವಾದ ಪಿಜಿ_ಬೇಸ್‌ಬ್ಯಾಕಪ್‌ಗೆ ಬದಲಾಯಿಸಿಕೊಳ್ಳಿ.